ಒಂದು ಏಟಿನ ಜಾಗ

ನನ್ನ ಬಲಗೈ ನನ್ನ ಮಾತು ಕೇಳುವುದನ್ನು ಬಿಟ್ಟಿದೆ ಎಂದು ನನಗೆ ಗೊತ್ತಾದದ್ದು ತಂಗಿ ವಿಜಯಶ್ರೀಯ ಮದುವೆಗೆ ಹನ್ನೊಂದು ದಿನ ಇರುವಾಗ.

ದೀಪಾಂಜಲಿ ನಗರದ ನಮ್ಮ ಮನೆಯ ತಾರಸಿಯಲ್ಲಿ ಅಪ್ಪ ನಾಗಸ್ವರ ಹಿಡಿದು ಕೂತಿದ್ದರು, ನಾನು ಡೋಲು. ಹದಿನಾಲ್ಕು ತಿಂಗಳು ಪರದೇಶದಲ್ಲಿದ್ದು ಬಂದ ಮೇಲೆ ಅವರ ಜೊತೆ ಬಾರಿಸುತ್ತಿದ್ದದ್ದು ಅದೇ ಮೊದಲು. ಅರ್ಧ ಗಂಟೆ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಅಪ್ಪ ವೇಗ ಏರಿಸಿ ಮೇಲಿನ ಷಡ್ಜಕ್ಕೆ ಹೋದರು ನೋಡಿ, ನನ್ನ ಬಲಗೈ ಮೇಲೆದ್ದು ಗಾಳಿಯಲ್ಲೇ ನಿಂತುಬಿಟ್ಟಿತು. ಒಂದು ಏಟು ಬೀಳಬೇಕಾದ ಜಾಗ ಖಾಲಿ ಹೋಯಿತು. ಮರುಕ್ಷಣವೇ ಹಿಡಿದುಕೊಂಡೆ, ತಾಳ ತಪ್ಪಲಿಲ್ಲ. ಆದರೆ ಆ ಖಾಲಿ ಜಾಗದಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ನಮ್ಮಿಬ್ಬರಿಗೂ ಕೇಳಿಸಿತ್ತು.

ಅಪ್ಪ ನಾಗಸ್ವರವನ್ನು ಬಾಯಿಂದ ತೆಗೆದರು.

"ಯಾಕೋ ಸಿದ್ದೇಶ, ಕೈ ನಿಲ್ಸಿದೆ?"

"ನಾನು ನಿಲ್ಸಲಿಲ್ಲಪ್ಪ."

"ಮತ್ತೆ ನಮ್ಮಪ್ಪ ಬಂದು ನಿಲ್ಸಿದ್ನಾ?"

ನಾನು ನಕ್ಕೆ. ಅಪ್ಪ ನಗಲಿಲ್ಲ. "ಮದುವೇಲಿ ಗಟ್ಟಿಮೇಳ ನಿಂದು," ಅಂದರು, "ಗ್ಯಾಪಕ ಇರಲಿ."

ಗಟ್ಟಿಮೇಳ ಅಂದರೇನು ಅಂತ ಮದುವೆ ಊಟ ಉಂಡ ಯಾರಿಗೂ ಹೇಳಬೇಕಾಗಿಲ್ಲ. ಪುರೋಹಿತರು ಬೆರಳೆತ್ತಿ ಕೂಗಿದ ಕ್ಷಣದಿಂದ ತಾಳಿಯ ಮೂರನೇ ಗಂಟು ಬೀಳುವ ತನಕ ಡೋಲು ಒಂದೇ ಸಮನೆ ಮೊರೆಯಬೇಕು. ಆ ಹೊತ್ತಿನಲ್ಲಿ ಯಾರೋ ಸೀನುತ್ತಾರೆ, ಯಾವುದೋ ಕೂಸು ಅಳುತ್ತದೆ, ಯಾರ ಬಾಯಿಂದಲೋ ಬರಬಾರದ ಮಾತು ಬರುತ್ತದೆ. ಅದು ಮದುಮಕ್ಕಳ ಕಿವಿಗೆ ಬೀಳಬಾರದು. ಬಿದ್ದರೆ ಆ ಸಂಸಾರಕ್ಕೆ ಒಳ್ಳೆಯದಾಗುವುದಿಲ್ಲ ಅಂತ ನಂಬಿಕೆ. ಜನ ಅದನ್ನು ಸಂಗೀತ ಅಂದುಕೊಂಡಿದ್ದಾರೆ. ನಮ್ಮ ಮನೆತನದವರಿಗೆ ಮಾತ್ರ ಅದು ಕಾವಲು ಕೆಲಸ. ಕಾವಲಿಗೆ ಕೂತವನು ತೂಕಡಿಸುವ ಹಾಗಿಲ್ಲ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಈ ವಿಷಯ ಎತ್ತಿದರು. ನಮ್ಮಜ್ಜಿ ಅಣ್ಣಮ್ಮನಿಗೆ ಎಂಬತ್ತಾರು ವರ್ಷ, ಕಿವಿ ಮಂದ, ಆದರೆ ಕೇಳಬಾರದ್ದು ಮಾತ್ರ ಸರಿಯಾಗಿ ಕೇಳಿಸುತ್ತದೆ.

"ಕೆಂಗೇರೀಲಿ ಒಂದು ಮದುವೆ," ಅಂತ ಶುರು ಮಾಡಿತು ಅಜ್ಜಿ. "ಮೂರನೇ ಗಂಟಿಗೆ ಸರಿಯಾಗಿ ಡೋಲಿನೋನ ಕೈಯಿಂದ ಕಡ್ಡಿ ಜಾರ್ತು. ಗಂಡಿನ ಸೋದರತ್ತೆ ಸೀನಿದ್ಲು. ಆ ಹುಡ್ಗಿ ವರ್ಷ ತುಂಬೋದ್ರೊಳ್ಗೆ ತೌರಿಗೆ ಬಂದು ಕೂತ್ಲು. ಆಮೇಲೆ ಆ ಡೋಲಿನೋನ್ನ ಯಾರೂ ಕರೀಲಿಲ್ಲ."

ಈ ಕತೆಯನ್ನು ಚಿಕ್ಕಂದಿನಿಂದ ನೂರು ಸಲ ಕೇಳಿ ನಕ್ಕಿದ್ದೇನೆ. ಈ ಸಲ ತಟ್ಟೆಯಲ್ಲಿದ್ದ ನನ್ನ ಬಲಗೈಯನ್ನೇ ನೋಡಿದೆ. ಎದುರಿಗೆ ಕೂತಿದ್ದ ವಿಜಿ ತಟ್ಟೆಯಲ್ಲಿ ಅನ್ನ ಕಲೆಸುತ್ತಲೇ ಇದ್ದಳು, ಉಣ್ಣುತ್ತಿರಲಿಲ್ಲ. ಮದುವೆ ಹುಡುಗಿ, ಸಂಕೋಚ, ಅಂದುಕೊಂಡೆ.

ಕೈ ಯಾಕೆ ನಿಂತಿತು ಅಂತ ನನಗೆ ಗೊತ್ತಿತ್ತು. ಅದನ್ನು ಅಪ್ಪನಿಗೆ ಹೇಳುವ ಧೈರ್ಯ ಇರಲಿಲ್ಲ. ನಿಲ್ಲಿಸುವುದನ್ನು ಕಲಿಯಲು ನಾನು ಹದಿನಾಲ್ಕು ತಿಂಗಳು ಹೆಣಗಿದ್ದೆ.

ಬೆಲ್ಜಿಯಂ ದೇಶದ ಗೆಂಟ್ ಎಂಬ ಊರಿನಿಂದ ಬರೀ ತಾಳವಾದ್ಯಗಳ ಒಂದು ತಂಡ ಬೆಂಗಳೂರಿಗೆ ಬಂದಿತ್ತು. ವಿಜಯನಗರದ ಒಂದು ಮೆರವಣಿಗೆಯಲ್ಲಿ ನನ್ನ ಡೋಲು ಕೇಳಿ ಅದರ ಯಜಮಾನಿ ಹಿಲ್ಡೆ ದಾರಿಯಲ್ಲೇ ನಿಂತುಬಿಟ್ಟಳು. ಅರವತ್ತು ದಾಟಿದ ಹೆಂಗಸು, ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು, ಮಾತು ಕಮ್ಮಿ. ಎರಡು ತಿಂಗಳಲ್ಲಿ ಕಾಗದ ಪತ್ರ ಎಲ್ಲ ಅವಳೇ ಮಾಡಿಸಿ ನನ್ನನ್ನು ಕರೆಸಿಕೊಂಡಳು.

ಮೊದಲ ದಿನ ನನ್ನ ಕೈಚಳಕವೆಲ್ಲ ತೋರಿಸಿದೆ. ಇಪ್ಪತ್ತು ನಿಮಿಷ ಸುರಿಮಳೆ. ಮುಗಿಸಿ ಬೆವರೊರೆಸಿಕೊಂಡು ನೋಡಿದರೆ ಹಿಲ್ಡೆ ಕೇಳಿದ್ದು ಒಂದೇ ಮಾತು: "ನಿನಗೆ ಯಾರ ಭಯ?"

ನನಗೆ ಉರಿದು ಹೋಯಿತು. ಭಯವಂತೆ! ಬಡಿಸುವವರ ಗಲಾಟೆ, ಕುರ್ಚಿ ಎಳೆದಾಡುವ ಸದ್ದು, ಸೀರೆ ರೇಟು ಮಾತಾಡುವ ಹೆಂಗಸರು, ಇವರೆಲ್ಲರ ಮೇಲೆ ಕೇಳಿಸುವ ಹಾಗೆ ಬಾರಿಸಿ ಬೆಳೆದವನು ನಾನು. ಮದುವೆಮನೆಯಲ್ಲಿ ವಾಲಗ ಯಾರೂ ಕೇಳುವುದಿಲ್ಲ. ನಿಂತರೆ ಮಾತ್ರ ಯಾಕೆ ನಿಂತಿತು ಅಂತ ತಿರುಗಿ ನೋಡುತ್ತಾರೆ. ಆದ್ದರಿಂದ ನಾವು ನಿಲ್ಲಿಸುವುದೇ ಇಲ್ಲ. ಇದನ್ನೆಲ್ಲ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ನಾಳೆಯಿಂದ ದಿನಾ ಒಂದು ಗಂಟೆ ಡೋಲನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರು, ಬಾರಿಸಬೇಡ ಅಂದಳು.

ಸಂಬಳ ಕೊಟ್ಟು ಸುಮ್ಮನೆ ಕೂರಿಸುವ ದೇಶ ಅಂತ ಫೋನಿನಲ್ಲಿ ಮನೆಯವರ ಹತ್ತಿರ ಆಡಿಕೊಂಡು ನಕ್ಕೆ. ಕೂತಾಗ ಮಾತ್ರ ನಗು ಬರಲಿಲ್ಲ. ಖಾಲಿ ಕೋಣೆ, ಬಿಳಿ ಗೋಡೆ, ಒಂದು ಸದ್ದಿಲ್ಲ. ಮೊದಲ ವಾರ ಬೆವರುತ್ತಿದ್ದೆ. ಯಾವುದೋ ತಪ್ಪು ಮಾಡಿ ಸಿಕ್ಕಿಬೀಳುತ್ತೇನೆ ಅನ್ನುವ ಹೆದರಿಕೆ, ಏನು ತಪ್ಪು ಅಂತ ಗೊತ್ತಿಲ್ಲ. ಮೂರನೇ ವಾರ ಹೊರಗೆ ದೂರದಲ್ಲಿ ಟ್ರಾಮ್ ತಿರುಗುವ ಸದ್ದು ಕೇಳಿಸಿತು. ಆಮೇಲೆ ಮೇಲಿನ ಮಹಡಿಯಲ್ಲಿ ಯಾರೋ ಕುಂಟುತ್ತಾ ನಡೆಯುವುದು ಕೇಳಿಸಿತು. ಇದೆಲ್ಲ ಮೊದಲಿಂದಲೂ ಇತ್ತು, ನನಗೆ ಕಿವಿ ಇರಲಿಲ್ಲ.

ಪೋರ್ಚುಗಲ್ಲಿನ ಪೋರ್ಟೊ ಊರಿನಲ್ಲಿ ಆರುನೂರು ಜನರ ಮುಂದೆ ಒಬ್ಬನೇ ಬಾರಿಸಿದೆ. ಹನ್ನೊಂದು ನಿಮಿಷ ಆದ ಮೇಲೆ ಹಿಲ್ಡೆ ಹೇಳಿದ ಹಾಗೆ ಕೈ ಎತ್ತಿ ನಿಲ್ಲಿಸಿದೆ. ಎಷ್ಟು ಹೊತ್ತು ಅಂತ ಲೆಕ್ಕ ಇಡಬೇಡ, ನಿನಗೆ ಬೇಕಾದದ್ದು ಕೇಳಿಸುವ ತನಕ ಕಾಯಿ ಅಂದಿದ್ದಳು. ಆರುನೂರು ಜನ ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಸಣ್ಣಗೆ ಬಿಕ್ಕಿದ್ದು ಕೇಳಿಸಿತು. ಯಾಕೆ ಅಳುತ್ತಿದ್ದಳೋ ಗೊತ್ತಿಲ್ಲ, ಆದರೆ ನನ್ನ ಮುಂದಿನ ಏಟು ಆಕೆಗೆ ಉತ್ತರ ಕೊಟ್ಟ ಹಾಗೆ ಬಿತ್ತು. ಇಪ್ಪತ್ತೆರಡು ವರ್ಷ ಬಾರಿಸಿದವನು ಅವತ್ತು ಮೊದಲ ಸಲ ಇನ್ನೊಬ್ಬರಿಗೋಸ್ಕರ ಬಾರಿಸಿದೆ. ಅಲ್ಲಿಂದ ಮುಂದೆ ಹೋದ ಊರುಗಳಲ್ಲೆಲ್ಲ ಜನ ಬರುತ್ತಿದ್ದದ್ದು ಆ ನಿಲ್ಲುವ ಕೈಯನ್ನು ನೋಡಲಿಕ್ಕೇ. ಪತ್ರಿಕೆಗಳಲ್ಲಿ ಬರೆದರು. ನಾನು ಬೆಳೆದೆ ಅಂದುಕೊಂಡೆ, ಬೆಳೆದೂ ಇದ್ದೆ.

ಈಗ ಅದೇ ಬೆಳವಣಿಗೆ ತಂಗಿಯ ತಾಳಿಗೆ ಅಡ್ಡ ಬಂದು ಕೂತಿತ್ತು.

ಆ ಹನ್ನೊಂದು ದಿನ ನಾನು ಮನುಷ್ಯನಾಗಿರಲಿಲ್ಲ. ದಿನಾ ಬೆಳಿಗ್ಗೆ ತಾರಸಿಗೆ ಹೋಗಿ ಬಾಗಿಲು ಹಾಕಿಕೊಂಡು ಬರೀ ಗಟ್ಟಿಮೇಳ ಬಾರಿಸುತ್ತಿದ್ದೆ. ಬಲಗೈ ಬೆರಳುಗಳಿಗೆ ಹಾಕುವ ಗಟ್ಟಿ ಟೋಪಿಗಳ ಒಳಗೆ ಚರ್ಮ ಕಿತ್ತು ಬಂತು. ಐದು ಸಲ ಸರಿ ಬಂದರೆ ಆರನೇ ಸಲ ಕೈ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ನನಗೆ ಶಕುನದಲ್ಲಿ ನಂಬಿಕೆ ಇದೆಯೇ ಅಂತ ಕೇಳಿದರೆ ಗೆಂಟ್‌ನಲ್ಲಿ ಇಲ್ಲ ಅನ್ನುತ್ತಿದ್ದೆ. ದೀಪಾಂಜಲಿ ನಗರದಲ್ಲಿ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ನಂಬಿಕೆ ನನಗಿಲ್ಲದಿದ್ದರೇನು, ನೆಂಟರಿಗಿದೆ, ಬೀಗರಿಗಿದೆ. ನಾಳೆ ವಿಜಿಗೆ ಒಂದು ಜ್ವರ ಬಂದರೂ ಅಣ್ಣನ ಡೋಲು ನಿಂತಿತ್ತಲ್ಲ ಅನ್ನುತ್ತಾರೆ.

ಚಿಕ್ಕಪ್ಪ ಸುಬ್ರಮಣಿ ನಮ್ಮ ಮೇಳದಲ್ಲಿ ಎರಡನೇ ಡೋಲು. ಗಟ್ಟಿಮೇಳ ಅವರೇ ಬಾರಿಸಲಿ ಅಂತ ಅಪ್ಪನ ಹತ್ತಿರ ಕೇಳಿಕೊಂಡೆ.

"ಊರೂರು ಸುತ್ತಿ ಬಂದ ಮಗ ತಂಗಿ ಮದುವೇಲಿ ಕೈ ಕಟ್ಕೊಂಡು ಕೂತ ಅನ್ನಿಸ್ಕೋಬೇಕಾ ನಾನು?" ಅಪ್ಪನ ದನಿ ಏರಲಿಲ್ಲ, ಏರದಿದ್ದದ್ದಕ್ಕೇ ನನಗೆ ಹೆದರಿಕೆ. "ನಿನ್ನ ಕಲಿಕೆ ಅಲ್ಲಿಟ್ಕೋ. ಇಲ್ಲಿ ನಾನು ಕಲಿಸಿದ್ದು ಬಾರ್ಸು."

ವಿಜಿ ಆ ದಿನಗಳಲ್ಲಿ ಎರಡು ಸಲ ನನ್ನ ಹತ್ತಿರ ಬಂದಳು.

ಮೊದಲ ಸಲ ತಾರಸಿಗೆ ಬಂದು ಬಾಗಿಲು ಬಡಿದಳು. ನನಗಿಂತ ಆರು ವರ್ಷ ಚಿಕ್ಕವಳು, ವಿಜಯನಗರದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ. ಅವತ್ತೂ ಅದೇ ಕೆಲಸದ ಬಟ್ಟೆಯಲ್ಲಿದ್ದಳು.

"ಅಣ್ಣ, ನಿನ್ನ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

"ಆಮೇಲೆ ವಿಜಿ. ಕೈ ಬಿಸಿ ಇದೆ ಈಗ."

ಅವಳು ಸ್ವಲ್ಪ ಹೊತ್ತು ನಿಂತಿದ್ದು ಇಳಿದು ಹೋದಳು. ಎರಡನೇ ಸಲ ಮದುವೆಗೆ ನಾಲ್ಕು ದಿನ ಇತ್ತು. ಬಳೆ ತರಲು ಲೋಹಿತ್ ಜೊತೆ ಕಾರಿನಲ್ಲಿ ಹೋಗಿ ಬಂದಿದ್ದಳು. ಲೋಹಿತ್ ಅಂದರೆ ಮದುವೆ ಹುಡುಗ, ಶ್ರೀಗಂಧದ ಕಾವಲಿನವನು, ಸ್ವಂತ ಪ್ರಿಂಟಿಂಗ್ ಪ್ರೆಸ್ ಇದೆ, ಎಲ್ಲರ ಹತ್ತಿರ ನಗುನಗುತ್ತಾ ಮಾತಾಡುತ್ತಾನೆ. ವಿಜಿ ಚಪ್ಪಲಿ ಸಹ ಬಿಡದೆ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ನಾನು ಮೇಜಿನ ಮೇಲೆ ಬೆರಳಾಡಿಸಿ ಎಣಿಸುತ್ತಿದ್ದೆ.

"ಅಣ್ಣ, ಅಲ್ಲಿ ಸ್ಟೇಜ್ ಮೇಲೆ ನಿಲ್ಲಿಸ್ತೀಯಲ್ಲ, ನಿಂಗೆ ಭಯ ಆಗಲ್ವಾ?"

"ಅದ್ನ ನೆನಪಿಸ್ಬೇಡ ಮಾರಾಯ್ತಿ. ಅದ್ನ ಮರೆಯೋಕೇ ಒದ್ದಾಡ್ತಾ ಇದೀನಿ."

"ಸರಿ ಬಿಡು," ಅಂದಳು. ಬಲ ಮುಂಗೈಯನ್ನು ಎಡಗೈಯಿಂದ ಮುಚ್ಚಿಕೊಂಡಿದ್ದಳು. ಅದನ್ನು ನಾನು ನೋಡಿದೆ. ಪರದೇಶದಲ್ಲಿ ಗುರುತಿಲ್ಲದ ಹೆಂಗಸಿನ ಬಿಕ್ಕು ಕೇಳಿಸಿಕೊಂಡ ದೊಡ್ಡ ಕಲಾವಿದ, ಎರಡು ಮಾರು ದೂರದಲ್ಲಿ ನಿಂತ ಸ್ವಂತ ತಂಗಿಯನ್ನು ಏನು ಅಂತ ಕೇಳಲಿಲ್ಲ. ನನಗೆ ನನ್ನ ಕೈಯದೇ ಚಿಂತೆ.

ಮದುವೆ ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ. ಒಂಬತ್ತೂವರೆಗೆ ಮುಹೂರ್ತ. ಬೆಳಿಗ್ಗೆ ಆರಕ್ಕೇ ಹೋಗಿ ಮಂಟಪದ ಪಕ್ಕದ ಜಗಲಿಯ ಮೇಲೆ ಕೂತೆವು, ಅಪ್ಪ, ಚಿಕ್ಕಪ್ಪ, ನಾನು. ನೆಂಟರು ಬಂದು ಬಂದು "ಫಾರಿನ್ ಡೋಲು ಹೇಗಿದೆ ನೋಡೋಣ" ಅಂತ ಛೇಡಿಸಿದರು. ಅಣ್ಣಮ್ಮಜ್ಜಿಯನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ಅದರ ಕಣ್ಣು ಮದುಮಗಳ ಮೇಲಿರಲಿಲ್ಲ, ನನ್ನ ಕೈ ಮೇಲಿತ್ತು. ಕೈ ಒರೆಸಿಕೊಂಡಷ್ಟೂ ಒದ್ದೆಯಾಗುತ್ತಿತ್ತು.

ವಿಜಿಯನ್ನು ಕರೆತಂದರು. ಮೊಣಕೈವರೆಗೆ ಹಸಿರು ಬಳೆ. ಮಧ್ಯೆ ಹಿಡಿದಿದ್ದ ಅಂತರಪಟ ಸರಿಸಿದರು, ಜೀರಿಗೆ ಬೆಲ್ಲ ಬಿತ್ತು, ಎಲ್ಲರೂ ನಕ್ಕರು. ತಾಳಿಯ ತಟ್ಟೆ ಸಭೆಯಲ್ಲಿ ಸುತ್ತಿ ಮುಟ್ಟಿಸಿಕೊಂಡು ವಾಪಸ್ಸು ಬಂತು. ನಾನು ಪುರೋಹಿತರ ಬೆರಳನ್ನೇ ನೋಡುತ್ತಾ ಕೂತಿದ್ದೆ. ದೇವರೇ, ಇದೊಂದು ದಾಟಿಸು, ಆಮೇಲೆ ಈ ಕೈ ಬಿದ್ದು ಹೋದರೂ ಚಿಂತೆಯಿಲ್ಲ ಅಂತ ಬೇಡಿಕೊಂಡೆ. ಬೆರಳು ಎದ್ದಿತು.

"ಗಟ್ಟಿಮೇಳ! ಗಟ್ಟಿಮೇಳ!"

ಬಾರಿಸಿದೆ. ಚಿಕ್ಕಪ್ಪನ ಡೋಲು, ನನ್ನ ಡೋಲು, ಅಪ್ಪನ ನಾಗಸ್ವರ ಸೇರಿ ಮಂಟಪದ ಗಾಜುಗಳು ನಡುಗಿದವು. ಕೈ ಓಡುತ್ತಿತ್ತು. ಲೋಹಿತ್ ಎದ್ದು ನಿಂತು ತಾಳಿ ಹಿಡಿದು ಬಾಗಿದ. ಆಗ ನಾನು ವಿಜಿಯ ಮುಖ ನೋಡಿದೆ.

ಅವಳು ಏನೋ ಹೇಳುತ್ತಿದ್ದಳು.

ಮೊದಲು ಪುರೋಹಿತರ ಕಡೆ ತಿರುಗಿ ಹೇಳಿದಳು. ಅವರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು. ಅಮ್ಮನ ಕಡೆ ತಿರುಗಿ ಅದನ್ನೇ ಹೇಳಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಕ್ಷತೆ ಹಿಡಿದ ಇನ್ನೂರು ಕೈಗಳು ಮೇಲೆದ್ದಿದ್ದವು, ಯಾರೂ ಅವಳ ಬಾಯಿ ನೋಡುತ್ತಿರಲಿಲ್ಲ. ಆಮೇಲೆ ಅವಳು ಸೀದಾ ನನ್ನ ಕಡೆ ನೋಡಿದಳು. ತುಟಿಗಳು ಮತ್ತೆ ಅಲುಗಿದವು. ಕೊರಳಿನ ನರ ಉಬ್ಬಿತ್ತು, ಕೂಗಿಯೇ ಹೇಳಿರಬೇಕು. ನನಗೆ ನನ್ನ ಡೋಲು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಬಲಗೈ ಮೇಲೆದ್ದಿತು.

ನಾನು ಎತ್ತಲಿಲ್ಲ, ಅದೇ ಎದ್ದಿತು. ಪೋರ್ಟೊದಲ್ಲಿ ಎದ್ದ ಹಾಗೆಯೇ. ಒಂದು ಏಟಿನ ಜಾಗ ಬಿಟ್ಟುಕೊಟ್ಟು ಗಾಳಿಯಲ್ಲಿ ನಿಲ್ಲಲು ಹೊರಟಿತ್ತು. ಕೈ ತಪ್ಪು ಮಾಡುತ್ತಿಲ್ಲ, ಕೇಳಿಸಿಕೊಳ್ಳಲು ಎದ್ದಿದೆ ಅಂತ ನನಗೆ ಗೊತ್ತಾಯಿತು. ಆ ಕ್ಷಣದಲ್ಲೇ ಗೊತ್ತಾಯಿತು. ಆಮೇಲೆ ಯೋಚಿಸಿ ತಿಳಿದುಕೊಂಡದ್ದಲ್ಲ. ಚಿಕ್ಕಪ್ಪ ನನ್ನನ್ನು ನೋಡಿಕೊಂಡೇ ಬಾರಿಸುವವರು. ನಾನು ನಿಂತರೆ ಅವರೂ ನಿಲ್ಲುತ್ತಾರೆ, ಅಪ್ಪ ಉಸಿರು ತೆಗೆದುಕೊಳ್ಳುತ್ತಾರೆ, ಮಂಟಪ ಪೂರ್ತಿ ಸುಮ್ಮನಾಗುತ್ತದೆ. ಅವಳ ಮಾತು ಕೊನೆಯ ಸಾಲಿನವರಿಗೂ ಕೇಳಿಸುತ್ತದೆ.

ಅಜ್ಜಿಯ ಕಣ್ಣು ನನ್ನ ಕೈ ಮೇಲಿತ್ತು. ಅಪ್ಪನ ಕೆನ್ನೆ ಉಬ್ಬಿತ್ತು, ಹುಬ್ಬು ನನ್ನ ಕಡೆ ಏರಿತ್ತು. ಇನ್ನೂರು ಜನ. ಬೀಗರು. ಕೆಂಗೇರಿಯ ಆ ಡೋಲಿನವನು. ಭಯ ಹೊಟ್ಟೆಯಿಂದ ಎದ್ದು ಭುಜಕ್ಕೆ ಬಂತು. ಎಡಗೈಯ ಕಡ್ಡಿಯಿಂದ ಆ ಖಾಲಿ ಜಾಗಕ್ಕೆ ಬಾರಿಸಿದೆ. ಬಲಗೈಯನ್ನು ಎಳೆದು ತಂದು ಅದರ ಮೇಲೆ ಇನ್ನೆರಡು ಏಟು ಹಾಕಿದೆ. ಒಂದು ಕೂದಲೆಳೆ ತೂರುವಷ್ಟೂ ಸಂದು ಬಿಡಲಿಲ್ಲ. ಹುಟ್ಟಿದಾರಭ್ಯ ಅಷ್ಟು ಚೆನ್ನಾಗಿ ಬಾರಿಸಿರಲಿಲ್ಲ.

ವಿಜಿ ಬಾಯಿ ಮುಚ್ಚಿದಳು. ಒಂದು ಗಂಟು, ಎರಡು, ಮೂರು. ಅಕ್ಷತೆ ಸುರಿಯಿತು.

ಅಪ್ಪ ನಾಗಸ್ವರ ಇಳಿಸಿ ನನ್ನ ಬೆನ್ನು ತಟ್ಟಿದರು. ಅವರ ಕಣ್ಣು ತುಂಬಿತ್ತು. "ಭೇಷ್," ಅಂದರು, "ನನ್ಮಗ ಕಣೋ ನೀನು." ಇಪ್ಪತ್ತೆರಡು ವರ್ಷದಲ್ಲಿ ನನಗೆ ಅವರು ಭೇಷ್ ಅಂದದ್ದು ಅದೇ ಮೊದಲು. ಅಜ್ಜಿ ಕೂತಲ್ಲಿಂದಲೇ ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಕೆ ಮುರಿಯಿತು. ನಾನು ತಲೆ ಎತ್ತದೆ ಬೆರಳ ಟೋಪಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ.

ಊಟದ ಮೊದಲ ಪಂಕ್ತಿ ಏಳುವ ಹೊತ್ತಿಗೆ ಲೋಹಿತ್ ಮತ್ತು ವಿಜಿ ನಮ್ಮ ಜಗಲಿಯ ಹತ್ತಿರ ಬಂದರು. ಅವನು ಅವಳ ಮುಂಗೈ ಹಿಡಿದುಕೊಂಡಿದ್ದ, ಮದುಮಕ್ಕಳು ಹಿಡಿದುಕೊಳ್ಳುವ ಹಾಗೆಯೇ.

"ಭಾವ, ಸಖತ್ತಾಗಿ ಬಾರಿಸಿದ್ರಿ! ನಂಗೆ ಮಂತ್ರನೂ ಕೇಳಿಸ್ಲಿಲ್ಲ!" ಅಂತ ನಕ್ಕ. ಯಾರೋ ಗೆಳೆಯ ಕರೆದನೆಂದು ಅತ್ತ ಹೋದ.

ವಿಜಿ ಜಗಲಿಯ ಅಂಚಿಗೆ ಕೂತಳು. ಆಮೇಲೆ ಬಳೆಗಳನ್ನು ಮೇಲೆ ಸರಿಸಿ ಮುಂಗೈ ತೋರಿಸಿದಳು. ಹಸಿರು ತಿರುಗಿದ ನಾಲ್ಕು ಗುರುತು, ಬೆರಳಗಲ.

"ಮೊನ್ನೆ ಕಾರಲ್ಲಿ," ಅಂದಳು. "ಲ್ಯಾಬಿಂದ ಫೋನ್ ಬಂದಿತ್ತು, ತೆಗೆದೆ. ಕೈ ತಿರುಚಿ ಫೋನ್ ಕಿತ್ಕೊಂಡ್ರು. ಆಮೇಲೆ ನಕ್ರು, ತಮಾಷೆಗೆ ಅಂದ್ರು. ಇರಬಹುದೇನೋ. ನಂಗೊತ್ತಿಲ್ಲ."

ನಾನು ಆ ಗುರುತುಗಳನ್ನೇ ನೋಡುತ್ತಿದ್ದೆ.

"ಅಲ್ಲಿ ಕೂತಾಗ ಇದ್ದಕ್ಕಿದ್ದ ಹಾಗೆ ಹೆದರಿಕೆ ಆಯ್ತು ಅಣ್ಣ. ಒಂದು ನಿಮಿಷ ತಡೀರಿ ಅಂದೆ. ಮೂರು ಸಲ ಅಂದೆ. ಎಷ್ಟು ಜೋರಾಗಿ ಅಂದ್ರೂ ನನ್ನ ಮಾತು ನಂಗೇ ಕೇಳಿಸ್ಲಿಲ್ಲ. ಕೊನೆಗೆ ಅಂದ್ನೋ ಇಲ್ವೋ ಅಂತ್ಲೇ ಅನುಮಾನ ಬಂತು, ಸುಮ್ನಾದೆ."

ಅವಳು ಬಳೆಗಳನ್ನು ಮತ್ತೆ ಕೆಳಗೆ ಎಳೆದುಕೊಂಡಳು. ಆಚೆಯಿಂದ ಲೋಹಿತ್ ಅವಳ ಹೆಸರು ಹಿಡಿದು ಕೂಗಿದ. ಅವಳು ತಕ್ಷಣ ಎದ್ದು ನಿಂತಳು. ಕರೆದದ್ದಕ್ಕೆ ಎದ್ದ ಹಾಗಿರಲಿಲ್ಲ, ಬೆಚ್ಚಿ ಎದ್ದ ಹಾಗಿತ್ತು.

"ನಿನ್ನ ಕಡೆ ನೋಡ್ದಾಗ ನೀನೂ ನನ್ನೇ ನೋಡ್ತಿದ್ದ ಹಾಗಿತ್ತು," ಅಂದಳು. "ನಿಂಗೆ ಕಾಣಿಸ್ತಾ ಅಣ್ಣ, ನಾನು ಹೇಳ್ತಿದ್ದಿದ್ದು?"

ಕೋಪವಿಲ್ಲದೆ ಕೇಳಿದಳು. ಕಾಣಿಸಿತ್ತು ಅಂದರೆ ಏನಾಗುತ್ತದೋ ಅಂತ ಅವಳ ಮುಖದಲ್ಲೇ ಒಂದು ಹೆದರಿಕೆ ಇತ್ತು. ನನ್ನದು ಅದಕ್ಕಿಂತ ದೊಡ್ಡದಿತ್ತು.

"ಇಲ್ಲ ವಿಜಿ," ಅಂದೆ. "ಕೈ ನೋಡ್ಕೊಂಡು ಬಾರಿಸ್ತಿದ್ದೆ."

"ಹೌದಾ," ಅಂದಳು. ತಲೆಯಾಡಿಸಿ ಅವನ ಕಡೆಗೆ ನಡೆದಳು.